ಮಾವ ಅಳಿಸಿದ ಸರ್ಕಾರಿ ಪಾಠ

ನಮ್ಮ ಸೋದರಮಾವನಿಗೆ ತಲೆ ನೆಟ್ಟಗಿಲ್ಲ ಎಂದು ದುಬಲಗುಂಡಿಯಲ್ಲಿ ಮೊದಲು ಸಾರಿದವರು ಹೊರಗಿನವರಲ್ಲ, ಅವನನ್ನು ಕಟ್ಟಿಕೊಂಡ ನಮ್ಮ ಅತ್ತೆ! ಬಸವಕಲ್ಯಾಣದಲ್ಲಿ ನಡೆದ ಮಾಸ್ತರರ ಟ್ರೈನಿಂಗಿಗೆ ಹೋದ ಮಾವ, ಕಲಿಕೆಯ ಸಿದ್ಧಾಂತಗಳನ್ನು ತಲೆ ತುಂಬ ತುಂಬಿಕೊಂಡು ಬಂದಿದ್ದ. ಎಲ್ಲರಂತೆ ಪರೀಕ್ಷೆ ಮುಗಿದ ಮೇಲೆ ಮರೆತುಬಿಡಬಾರದೇ? ಇವನು ಅವನ್ನು ನಂಬಿಬಿಟ್ಟ.

ಅವನ ಮನೆಯಲ್ಲೇ ಇದ್ದು ಓದುತ್ತಿದ್ದ ನಾನೇ ಮೊದಲ ಪ್ರಯೋಗಪಶು. ಬಹುಮಾನ ಸಿಕ್ಕರೆ ಮಗು ಬೇಗ ಕಲಿಯುತ್ತದೆ ಎಂಬುದು ಸಿದ್ಧಾಂತ. ಹೀಗಾಗಿ ತಪ್ಪು ತಿದ್ದಿಕೊಂಡು ಬರೆದ ಪ್ರತಿ ಅಕ್ಷರಕ್ಕೂ ಒಂದು ಹಿಡಿ ಹುರಿದ ಶೇಂಗಾ. ನಾನು ಶ್ರದ್ಧೆಯಿಂದ ತಪ್ಪು ಬರೆಯುವುದನ್ನು ಕಲಿತೆ! ಡಬ್ಬಿ ಖಾಲಿಯಾದಾಗ ಅತ್ತೆ ಕೇಳಿದಳು: “ಇಂವಾ ಕಲ್ಯಾಕತ್ತಾನೋ, ತಿನ್ನಾಕತ್ತಾನೋ?”

“ಸಿದ್ಧಾಂತ ಖರೇನೇ ಅದ. ನಮ್ಮ ಅಳಿಯಾ ಅದಕ್ಕಿಂತ ಶಾಣ್ಯಾ ಇದ್ದಾನ,” ಎಂದ ಮಾವ.

ಎಪ್ಪತ್ತರ ದಶಕದಲ್ಲಿ, ನಾನೂ ಓದುತ್ತಿದ್ದ ಅವನ ಶಾಲೆಗೆ ಸರ್ಕಾರದಿಂದ ಟೇಪ್ ರೆಕಾರ್ಡರ್ ಬಂತು. ಹೆಡ್‌ಮಾಸ್ತರರು ಅಂದೇ ಅದನ್ನು ಅಲಮಾರಿಯಲ್ಲಿಟ್ಟು ಬೀಗ ಜಡಿದರು. ಸರ್ಕಾರಿ ಸಾಮಾನು ಕಾಪಾಡುವ ಪದ್ಧತಿಯೇ ಅದು. ದಸರೆಗೆ ಹೊರಗೆ ತೆಗೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಒಳಗೆ!

“ಮುಟ್ಟಿದ್ರ ಕೆಡ್ತದ್ರಿ,” ಎಂದರು ಹೆಡ್‌ಮಾಸ್ತರರು.

“ಮುಟ್ಟಲಿಲ್ಲಂದ್ರ ಹುಡುಗ್ರು ಕೆಡ್ತಾರಲ್ರಿ,” ಎಂದ ಮಾವ ಅಲಮಾರಿಗೆ ಬೆನ್ನು ಕೊಟ್ಟು ಕೂತು, ಅಲ್ಲಿಯೇ ಪಾಠ ಶುರು ಮಾಡಿದ. ನಾಲ್ಕನೆಯ ದಿನ ಚಾವಿ ಸಿಕ್ಕಿತು.

ಟೇಪಿನೊಳಗೆ ಪಟ್ಟಣದ ಒಬ್ಬ ಗಂಡಸು ಒಂದೊಂದು ವಾಕ್ಯ ಓದಿ, “ಈಗ ನೀವು ಹೇಳಿ” ಎನ್ನುತ್ತಿದ್ದ. ಕೊಂಚ ಬಿಟ್ಟು, “ಶಭಾಷ್.” ನಾವು ಯಾರೂ ಬಾಯಿ ತೆರೆಯದಿದ್ದರೂ ಶಭಾಷ್! ಮಾವನಿಗೆ ರೇಗಿತು. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕು ಎಂಬ ಇನ್ನೊಂದು ಸಿದ್ಧಾಂತ ಹೊರತೆಗೆದು, ಅದೇ ಟೇಪಿನ ಮೇಲೆ ನಮ್ಮ ಮಾತು ತುಂಬತೊಡಗಿದ. ಕೂಲಿಯವರ ಮಗಳು ಕಾಶಮ್ಮ ಎರಡು ವರ್ಷದಿಂದ ತರಗತಿಯಲ್ಲಿ ತುಟಿ ಪಿಟಕ್ಕೆಂದವಳಲ್ಲ. ತೊಗರಿ ಹೊಲದಲ್ಲಿ ಬೆಳೆ ಯಾವುದು, ಕಳೆ ಯಾವುದು ಎಂದು ಹೇಗೆ ಗುರುತಿಸುತ್ತೀ ಎಂದು ಮಾವ ಅವಳನ್ನು ಕೇಳಿದ. “ತೊಗರಿ ಎಲಿ ಮುಟ್ಟಿ ನೋಡ್ಬೇಕ್ರಿ, ಮೆತ್ತಗಿರ್ತದ,” ಎಂದು ಶುರು ಮಾಡಿದವಳು ಟೇಪು ಮುಗಿಯುವ ತನಕ ನಿಲ್ಲಿಸಲಿಲ್ಲ.

ಮುಂದಿನ ವಾರ ಹುಮನಾಬಾದಿನಿಂದ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಟೇಪಿನ ಗುಂಡಿ ಒತ್ತಿದರೆ, ತೊಗರಿ ಹೊಲ!

“ಸರ್ಕಾರಿ ಪಾಠ ಎಲ್ಲಿ?”

“ಅಳಿಸೀನ್ರಿ.”

“ಈ ಹುಡುಗಿ ಮಾತು ಅಳಿಸಿ ಮಾಫಿ ಬರದು ಕೊಡ್ರಿ. ಇಲ್ಲಂದ್ರ ನೌಕರಿ ಹೋಗ್ತದ.”

“ಹೋಗ್ಲಿ ಬಿಡ್ರಿ. ಎರಡು ವರ್ಷಕ್ಕ ಈ ಕೂಸು ಬಾಯಿ ಬಿಟ್ಟದ. ನಾ ಅಳ್ಸಂಗಿಲ್ಲ.”

ಸಾಹೇಬರು ಪೆನ್ನು ತೆಗೆದರು. ನಾಳೆಯಿಂದ ಮಾವ ಶಾಲೆಗೆ ಬರುವುದಿಲ್ಲ ಎಂದು ನಮಗೆ ಅಳು ಬಂತು. ಆಗ ಗೋಡೆಯ ಪಕ್ಕದಿಂದ ಕಾಶಮ್ಮ ಎದ್ದಳು. ಸಾಹೇಬರನ್ನೇ ದಿಟ್ಟಿಸುತ್ತ ಮಾವನಿಗೆ ಹೇಳಿದಳು:

“ಅಳಿಸ್ರಿ ಸರ. ನಾ ಮತ್ತ ಮಾತಾಡ್ತೀನಿ.”

ಯಾರಿಗೂ ಬಗ್ಗದ ಮಾವ ಕಣ್ಣೊರೆಸಿಕೊಳ್ಳುತ್ತ, ತಪ್ಪಾಯಿತೆಂದು ಮಾಫಿ ಬರೆಯಲು ಕೂತ. ಆ ಗಳಿಗೆ ಅವನ ಮೇಲೆ ಉಕ್ಕಿದ ಪ್ರೀತಿ ನನ್ನಲ್ಲಿ ಇವತ್ತಿಗೂ ಇಳಿದಿಲ್ಲ. ಅವನು ಬರೆದು ಮುಗಿಸುವ ತನಕ ಕಾಶಮ್ಮ ಕೂರಲಿಲ್ಲ. ಸಾಹೇಬರ ಎದುರಿಗೆ ನಿಂತು, ಕಳೆ ತೆಗೆಯುವುದು ಹೇಗೆಂದು ಅವರಿಗೆ ಮೊದಲಿನಿಂದ ಹೇಳತೊಡಗಿದ್ದಳು.