ನಡುವೆ ತಗ್ಗು ಬಿದ್ದ ಬ್ರೆಡ್ಡು

ಒಲೆಯ ಮೇಲೆ ಏನಾದರೂ ಬೇಯುತ್ತಿದ್ದರೆ ಮುಚ್ಚಳ ತೆಗೆದು ನೋಡದೆ ಇರುವುದು ನನ್ನಿಂದಾಗದ ಮಾತು. ಅನ್ನ ಬೆಂದಿತೋ ಎಂದು ನಾಲ್ಕು ಸಲ, ಬೇಳೆ ಒಡೆಯಿತೋ ಎಂದು ಐದು ಸಲ ನೋಡುತ್ತೇನೆ. ಮನೆಯವರು ಇದಕ್ಕೆ ಚಟ ಎನ್ನುತ್ತಾರೆ, ನಾನು ಶಿಕ್ಷಣ ಎನ್ನುತ್ತೇನೆ. ಆ ಶಿಕ್ಷಣ ಕೊಟ್ಟವಳು ನನ್ನ ಅಕ್ಕ, ಅದೂ ಮರಾಠಿ ಸೀಮೆಯ ನಮ್ಮೂರು ಉಮರ್ಗಾದ ಒಂದು ಬೇಕರಿಯ ಭಟ್ಟಿಯ ಮುಂದೆ.

ನಾವು ಸಣ್ಣವರಿದ್ದಾಗ ದೀಪಾವಳಿ ಬಂತೆಂದರೆ ಮನೆಮನೆಯಿಂದ ಮೈದಾ, ಸಕ್ಕರೆ, ತುಪ್ಪ ಹೊತ್ತುಕೊಂಡು ಹೋಗಿ ನಾನಖಟಾಯಿ ಬಿಸ್ಕತ್ತು ಮಾಡಿ, ಬೇಕರಿಯ ಭಟ್ಟಿಯಲ್ಲಿ ಬೇಯಿಸಿಕೊಂಡು ಬರುವ ರೂಢಿ. ನಮ್ಮದು ಗುಂಜೋಟಿ ಹಳ್ಳಿಯ ಹೊಲದ ಎಮ್ಮೆಯ ತುಪ್ಪ, ಪಕ್ಕದವರದು ವನಸ್ಪತಿ. ಟ್ರೇ ಅದಲುಬದಲಾದರೆ ಗತಿಯೇನು? ಅವ್ವ ನಮ್ಮಿಬ್ಬರನ್ನೂ ಕಾವಲಿಗೆ ಕೂರಿಸುತ್ತಿದ್ದಳು. ಐದು ನಿಮಿಷಕ್ಕೊಮ್ಮೆ ಅಕ್ಕ ಬೇಕರಿಯ ಚಾಚಾನಿಗೆ, "ಚಾಚಾ, ನಮ್ಮದು ತಗದು ತೋರಸ್ರೀ" ಎನ್ನುವಳು. ಚಾಚಾ ಬೇಸರವಿಲ್ಲದೆ ಉದ್ದನೆಯ ಕೋಲಿನಿಂದ ಟ್ರೇ ಎಳೆದು ತೋರಿಸಿ ಮತ್ತೆ ಒಳಗೆ ತಳ್ಳುವರು. ಏಲಕ್ಕಿ ವಾಸನೆಯ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅದಕ್ಕಾಗಿ ಈಗಲೂ ನನ್ನ ಜೀವ ಹಂಬಲಿಸುತ್ತದೆ. ಮುರಿದ ಚೂರು ಸಿಕ್ಕರೆ ಅಕ್ಕ ತಾನು ತಿನ್ನದೆ ನನ್ನ ಬಾಯಿಗೇ ಹಾಕುತ್ತಿದ್ದಳು.

ಅದೇ ಅಕ್ಕ ಈಗ ನಿಲಂಗಾದಲ್ಲಿ ತುಂಬಿದ ಮನೆಯ ಹಿರಿಯಳು. ನನಗೆ ಐವತ್ತೆಂಟು ತುಂಬಿದರೂ ನನ್ನ ಕೈಯಡಿಗೆಯನ್ನು ಒಮ್ಮೆಯೂ ಛಂದ ಎಂದವಳಲ್ಲ. ಹೋಳಿಗೆ ದಪ್ಪ, ಪುಂಡಿಪಲ್ಲೆ ಸಪ್ಪೆ. ಸಾಯುವುದರೊಳಗೆ ಅವಳ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿಯೇ ತೀರಬೇಕೆಂಬುದು ನನ್ನ ಹಟ. ಹೋದ ತಿಂಗಳು ಮಗಳು ಪುಟ್ಟದೊಂದು ಓವನ್ ತಂದುಕೊಟ್ಟಾಗ, ಅಕ್ಕನಿಗೆ ಮಾಡಲು ಬಾರದ, ಆದ್ದರಿಂದ ಹೆಸರಿಡಲೂ ಬಾರದ ತಿನಿಸೊಂದನ್ನು ಮೊಬೈಲಿನಲ್ಲಿ ಹುಡುಕಿದೆ. ಒಣಹಣ್ಣಿನ ಬ್ರೆಡ್ಡು ಸಿಕ್ಕಿತು. ಈಸ್ಟ್ ಹಾಕಿ ಉಬ್ಬಲೆಂದು ಕಾಯಬೇಕಿಲ್ಲ. ಮೊಸರು, ಸೋಡಾ ಹಾಕಿ ಕಲಸಿ ಕೂಡಲೇ ಓವನ್ನಿಗೆ ಇಟ್ಟರಾಯಿತು. ಮೊಟ್ಟೆಯೂ ಬೇಡ; ಲಿಂಗ ಕಟ್ಟಿಕೊಂಡ ನಮ್ಮ ಮನೆಗೆ ಅದೇ ದೊಡ್ಡ ಸಮಾಧಾನ. ಉತ್ತತ್ತಿ, ಒಣದ್ರಾಕ್ಷಿ, ಅಕ್ರೋಡ, ಗೋಡಂಬಿ ಎಲ್ಲ ಧಾರಾಳವಾಗಿ ಸುರಿದೆ. ಮೂವತ್ತೈದು ನಿಮಿಷ ಬಾಗಿಲು ತೆಗೆಯಬೇಡಿ ಎಂದು ಮೊಬೈಲಿನ ಹೆಂಗಸು ಮರಾಠಿಯಲ್ಲಿ ಎರಡೆರಡು ಸಲ ಹೇಳಿದಳು. ನಾನು ಐದು ನಿಮಿಷಕ್ಕೊಮ್ಮೆ ತೆಗೆದೆ. ಒಳಗಿದ್ದದ್ದು ಒಂದೇ ಟ್ರೇ, ಮನೆಯಲ್ಲಿದ್ದವಳು ನಾನೊಬ್ಬಳೇ, ಅದಲುಬದಲು ಮಾಡಲು ಯಾರೂ ಇರಲಿಲ್ಲ. ಆದರೂ ಕಾವಲು ಕಾವಲೇ. ಚೆನ್ನಾಗಿ ಉಬ್ಬುತ್ತಿದ್ದ ಬ್ರೆಡ್ಡು ನಾಲ್ಕನೆಯ ಸಲ ನನ್ನ ಮುಖ ಕಂಡದ್ದೇ ನಡುವೆ ಕುಸಿದು ಕೂತಿತು.

ಬೆಂದದ್ದೇನೋ ಬೆಂದಿತ್ತು. ಡಬ್ಬಿಗೆ ಹಾಕಿಕೊಂಡು ನಿಲಂಗಾ ಬಸ್ಸು ಹತ್ತಿದೆ. ಡಬ್ಬಿ ತೆರೆದಾಗ ಅಕ್ಕ ಮೊದಲು ಆ ತಗ್ಗನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಇನ್ನೇನು ಹೆಸರಿಡುತ್ತಾಳೆ ಅನ್ನಿಸಿತು. ಉಮರ್ಗಾದಲ್ಲಿ ಹೊಸ ಬೇಕರಿಯಾಗಿದೆ, ಅಲ್ಲಿಂದ ತಂದೆ ಎಂದು ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ. ಅಕ್ಕ ಒಂದು ತುಂಡು ತಿಂದಳು. ಎರಡನೆಯದಕ್ಕೆ ಕೈ ಹಾಕಿದಳು. ಮೂರನೆಯದು ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಏಕದಂ ಛಂದ್ ಆಗ್ಯಾದ. ಆ ಬೇಕರಿಯಂವನ ಕೈಯಾಗ ರುಚಿ ಅದ. ನೀ ಅಂವನ ಕಡಿ ಹೋಗಿ ನಾಕ್ ದಿನ ಕಲಿ."

ಇಷ್ಟು ವರ್ಷ ಕಾದ ಮಾತು ನನ್ನ ಕಣ್ಣೆದುರೇ ಬೇರೊಬ್ಬನ ಪಾಲಾಯಿತು. ಅಳು ಬಂದಂತಾಯಿತು.

"ಅಕ್ಕಾ, ಖರೆ ಹೇಳ್ತೀನಿ, ಅದು ನಾನೇ ಮಾಡೀನಿ."

ಅಕ್ಕ ಪ್ರೀತಿಯಿಂದ ನನ್ನ ತಲೆ ಸವರಿದಳು.

"ಈ ವಯಸ್ಸಿನಾಗ ಸುಳ್ಳ್ ಹೇಳಬ್ಯಾಡ, ಸುಮಿ."

ಹೊರಡುವಾಗ ತಮ್ಮ ಮನೆಯವರ ಬಟ್ಟೆ ಅಂಗಡಿಯಿಂದ ಒಳ್ಳೆಯದೊಂದು ಶರ್ಟ್ ಪೀಸ್ ತರಿಸಿ, ಆ ಬೇಕರಿಯವನಿಗೆ ಕೊಡು ಎಂದು ನನ್ನ ಚೀಲದಲ್ಲಿಟ್ಟಳು. ಅದೀಗ ನನ್ನ ಕಪಾಟಿನಲ್ಲಿದೆ. ಕಂಡಾಗಲೆಲ್ಲ, ಹುಟ್ಟೇ ಇರದ ಆ ಮನುಷ್ಯನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚಾಗುತ್ತದೆ.