ಇಪ್ಪತ್ಮೂರೂವರೆ ಸೈಜಿನ ಸ್ಕೀ ಬೂಟು

ಕೆಲವರಿಗೆ ಹೋದಲ್ಲೆಲ್ಲ ಪರ್ಸು ಕಳೆಯುತ್ತೆ, ಕೆಲವರ ಸೂಟ್‌ಕೇಸು ಯಾವ ಏರ್‌ಪೋರ್ಟಿಗೂ ಅವರ ಜೊತೆ ಬರಲ್ಲ. ನನಗೆ ಆಗೋದೆಲ್ಲ ಕಾಲಿಗೇ ಆಗುತ್ತೆ, ಅದೂ ಬೂಟಿನ ಸಮೇತ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ವರ್ಷದಲ್ಲಿ ನಾಲ್ಕೈದು ಸಲ ಆದರೆ ಏನನ್ನೋಣ?

ಮೈಸೂರಿನಲ್ಲಿ ಬೆಳೆಯುವಾಗ ನಾನು ಐಸ್ ಅನ್ನೋದನ್ನ ನೋಡಿದ್ದು ಕಬ್ಬಿನ ಹಾಲಿನ ಲೋಟದಲ್ಲಿ ಮಾತ್ರ. ಅಂಥವಳು ನಲವತ್ತು ದಾಟಿದ ಮೇಲೆ ನ್ಯೂಜೆರ್ಸಿಯಲ್ಲಿ ಕೂತು ಸ್ಕೀ ಕಲಿತೆ. ಲಿಫ್ಟಿನಲ್ಲಿ ಕೂತು ಮೇಲೆ ಹೋಗಿ ಸುಖವಾಗಿ ಜಾರಿ ಬರೋ ಸ್ಕೀ ಅಲ್ಲ. ಬ್ಯಾಕ್‌ಕಂಟ್ರಿ ಅಂತಾರೆ. ಅದರಲ್ಲಿ ಲಿಫ್ಟೇ ಇರಲ್ಲ. ಸ್ಕೀ ತಳಕ್ಕೆ ಹಿಂದಕ್ಕೆ ಜಾರದ ಹಾಗೆ ಒಂದು ಪಟ್ಟಿ ಅಂಟಿಸಿಕೊಂಡು, ಸ್ನೋ ತುಂಬಿದ ಬೆಟ್ಟವನ್ನ ನಾವೇ ಹತ್ತಬೇಕು. ಮೇಲೆ ಹೋಗಿ ಪಟ್ಟಿ ಕಿತ್ತು ಇಳಿದು ಬರಬೇಕು. ಹಾಗಾಗಿ ಬೂಟು ಹತ್ತೋದಕ್ಕೂ ಸರಿ ಇರಬೇಕು, ಇಳಿಯೋದಕ್ಕೂ ಸರಿ ಇರಬೇಕು. ಇಲ್ಲಿಂದಲೇ ನನ್ನ ಕಷ್ಟ ಶುರು.

ಬೆಳೆಯೋ ಕಾಲು

ಮ್ಯಾನ್‌ಹಟನ್‌ನಲ್ಲಿ ನಾನು ಕೆಲಸ ಮಾಡೋ ಆಸ್ಪತ್ರೆಯಲ್ಲಿ ನಮ್ಮದು ಐದು ಜನ ಹೆಂಗಸರ ಗುಂಪು. ನಾನು ಲ್ಯಾಬಿನವಳು, ಮಿಕ್ಕವರು ನರ್ಸುಗಳು. ಎಮರ್ಜೆನ್ಸಿಯ ಹಿರಿಯ ನರ್ಸು ಒಬ್ಬಳಿದ್ದಾಳೆ, ಅವಳೇ ನಮ್ಮ ಲೀಡರ್. ಡಾಕ್ಟರುಗಳೇ ಅವಳ ಎದುರು ದನಿ ತಗ್ಗಿಸಿ ಮಾತಾಡ್ತಾರೆ. ಹೋದ ವರ್ಷ ಕ್ಯಾಟ್‌ಸ್ಕಿಲ್ಸ್ ಬೆಟ್ಟಕ್ಕೆ ಹೋಗೋಣ ಅಂತ ಅವಳು ನನ್ನನ್ನೂ ಸೇರಿಸಿಕೊಂಡಳು. ನಾನು ಕುಣಿದುಕೊಂಡು ಬೂಟು ತರಿಸಿದೆ.

ನಮ್ಮಮ್ಮ ಯಾವತ್ತೂ ನನಗೆ ನನ್ನ ಕಾಲಿನ ಅಳತೆಗೆ ಶೂ ಕೊಡಿಸಿದವಳಲ್ಲ. ಮುಂದಿನ ವರ್ಷದ ಕಾಲಿನ ಅಳತೆಗೆ ಕೊಡಿಸೋಳು. ಮುಂದುಗಡೆ ಹತ್ತಿ ತುರುಕಿಕೊಂಡು ಸ್ಕೂಲಿಗೆ ಹೋಗಬೇಕು. ಕಾಲು ಶೂಗೆ ಸರಿಹೋಗೋ ಹೊತ್ತಿಗೆ ಶೂ ಬಾಯಿ ಬಿಟ್ಟಿರುತ್ತಿತ್ತು. ಆ ಬುದ್ಧಿ ನನ್ನನ್ನ ಬಿಟ್ಟು ಹೋಗಿಲ್ಲ. ಸ್ಕೀ ಬೂಟಿಗೆ ಏಳು, ಎಂಟು ಅಂತ ಸೈಜ್ ಇರಲ್ಲ, ಪಾದ ಎಷ್ಟು ಸೆಂಟಿಮೀಟರ್ ಉದ್ದವೋ ಅದೇ ಸೈಜು. ಇದಕ್ಕಿಂತ ಸುಲಭ ಇನ್ನೇನಿದೆ? ನಾನೂ ಸ್ಕೇಲ್ ಇಟ್ಟು ಅಳೆದೆ. ಇಪ್ಪತ್ಮೂರೂವರೆ ಬಂತು. ಇಪ್ಪತ್ತೈದೂವರೆ ಆರ್ಡರ್ ಮಾಡಿದೆ. ದಪ್ಪ ಸಾಕ್ಸ್ ಹಾಕೋಬೇಕಲ್ಲ, ಬೆರಳು ಸ್ವಲ್ಪ ಆಡಬೇಕಲ್ಲ, ಇರಲಿ ಅಂತ.

ಮೂರು ಜೊತೆ ಸಾಕ್ಸ್ ಹಾಕಿಕೊಂಡು ಬೆಟ್ಟ ಹತ್ತಿದೆ. ಒಂದೊಂದು ಹೆಜ್ಜೆಗೂ ಬೂಟು ಕೆಳಗೇ ಉಳಿದು ಹಿಮ್ಮಡಿ ಮೇಲೆ ಬರೋದು. ಒಂದು ಗಂಟೆ ಆಗೋ ಹೊತ್ತಿಗೆ ಎರಡೂ ಹಿಮ್ಮಡಿಯ ಚರ್ಮ ಕಿತ್ತು ಬಂದಿತ್ತು. ಅಲ್ಲೇ ಸ್ನೋ ಮೇಲೆ ಕೂತುಬಿಟ್ಟೆ. ನನ್ನಿಂದಾಗಿ ಐದು ಜನವೂ ಅರ್ಧ ಬೆಟ್ಟದಿಂದ ವಾಪಸ್ ಬಂದೆವು. ಕಾರಿನಲ್ಲಿ ಯಾರೂ ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಇಳಿಯುವಾಗ ಲೀಡರ್ ಹೇಳಿದಳು: "ಮುಂದಿನ ವರ್ಷ ಸರಿಯಾದ ಬೂಟಿದ್ದರೆ ಬಾ. ಇನ್ನೊಂದು ಸಲ ಅರ್ಧದಲ್ಲಿ ಕೂತರೆ, ಆಮೇಲಿಂದ ನೀನು ಕೆಳಗೆ ಕಾರಿನಲ್ಲೇ ಕೂತಿರು."

ಗಾಯಕ್ಕಿಂತ ಆ ಮಾತು ಉರೀತು. ಆ ಗುಂಪು ಬಿಟ್ಟರೆ ನನ್ನ ಬಾಳು ಹಿಲ್ಸ್‌ಬರೋದ ಮನೆಯಿಂದ ಲ್ಯಾಬು, ಲ್ಯಾಬಿಂದ ಮನೆ, ಅಷ್ಟೇ. ಮುಂದಿನ ಸಲ ಹೇಗಾದರೂ ಮಾಡಿ ಆ ಬೆಟ್ಟದ ತುದಿ ಮುಟ್ಟಲೇಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ.

ಮನೆಗೆ ಬಂದು ಹಿಮ್ಮಡಿಗೆ ಬ್ಯಾಂಡೇಜು ಸುತ್ತಿಕೊಳ್ತಾ ಇದ್ದಾಗ ನನ್ನ ಗಂಡ ಪಕ್ಕದಲ್ಲಿ ಬಂದು ಕೂತರು. ಅವರು ಧಾರವಾಡದವರು, ಮಾತು ಕಡಿಮೆ.

"ಎರಡು ಸೈಜ್ ದೊಡ್ಡದು ಯಾಕ ತಗೊಂಡಿ?"

"ಇರಲಿ ಅಂತ."

ಅವರು ಬೂಟು ಎತ್ತಿ ಒಳಗೆ ಇಣುಕಿ ನೋಡಿದರು. "ನಲವತ್ತೆಂಟ ಆತು ನಿನಗ. ಇನ್ನ ಎಷ್ಟ ಬೆಳಸ್ತೀ ಕಾಲು?"

ಟೈಟು

ಈ ಸಲ ಆನ್‌ಲೈನ್ ಸಹವಾಸವೇ ಬೇಡ ಅಂತ ಹೈವೇ ಪಕ್ಕದ ಒಂದು ಸ್ಕೀ ಅಂಗಡಿಗೆ ನಾನೂ ನನ್ನ ಗಂಡನೂ ಹೋದೆವು. ಅಲ್ಲೊಬ್ಬ ಮುದುಕ ಇದ್ದಾನೆ, ಜೀವನವಿಡೀ ಬೇರೆಯವರ ಕಾಲಿಗೆ ಬೂಟು ಕೂರಿಸಿದವನು, ಅವನ ಹತ್ತಿರ ಹೋಗು ಅಂತ ಗುಂಪಿನವರು ಹೇಳಿದ್ದರು. ಬಾಗಿಲು ತೆಗೆದರೆ ಒಳಗೆಲ್ಲ ಶುಭ್ರವಾದ ಕಾರ್ಪೆಟ್ಟು. ಬಾಗಿಲ ಪಕ್ಕದಲ್ಲೇ ಒಂದು ಸ್ಟ್ಯಾಂಡು, ಅದರ ತುಂಬ ಶೂಗಳು. ನಾವಿಬ್ಬರೂ ನಮ್ಮ ಶೂ ಬಿಚ್ಚಿ ಅದರಲ್ಲಿ ಸಾಲಾಗಿ ಇಟ್ಟು ಒಳಗೆ ಹೋದೆವು.

ಮುದುಕ ಮೊದಲು ನಾನು ತಂದಿದ್ದ ಹಳೇ ಬೂಟು ತಗೊಂಡ. ಸ್ಕೀ ಬೂಟಿಗೆ ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಮೆತ್ತನೆಯ ಲೈನರ್ ಅಂತ ಎರಡು ಭಾಗ. ಲೈನರ್ ತೆಗೆದು ಬರೀ ಚಿಪ್ಪಿನೊಳಗೆ ಕಾಲಿಟ್ಟು, ಬೆರಳು ಮುಂದಕ್ಕೆ ತಾಗಿಸಿ ನಿಲ್ಲು ಅಂದ. ಹಿಮ್ಮಡಿಯ ಹಿಂದೆ ಎರಡು ಬೆರಳು ಹೋಗುವಷ್ಟು ಜಾಗ ಇದ್ದರೆ ಸರಿಯಾದ ಸೈಜು ಅಂತೆ. ಅವನು ತನ್ನ ಎರಡು ಬೆರಳು ಹಾಕಿದ. ಆಮೇಲೆ ನಾಲ್ಕು ಹಾಕಿದ. ಆಮೇಲೆ ಕೈ ತೆಗೆದು ಸುಮ್ಮನೆ ಆ ಬೂಟನ್ನ ದೂರ ಸರಿಸಿಟ್ಟ.

ಒಳಗಿಂದ ಇಪ್ಪತ್ಮೂರೂವರೆಯದು ತಂದು ಹಾಕಿ ಬಕಲ್ ಬಿಗಿದ.

"ಟೈಟು" ಅಂದೆ.

"ಒಳ್ಳೇದು" ಅಂದ.

"ತುಂಬಾ ಟೈಟು."

"ತುಂಬಾ ಒಳ್ಳೇದು."

ನನ್ನ ಗಂಡನಿಗೆ ಸಮಾಧಾನ ಆಗಲಿಲ್ಲ. ಬಗ್ಗಿ ಬೂಟಿನ ಮೂತಿಯನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿದರು, ನಮ್ಮ ಕಡೆ ಶೂ ಅಂಗಡಿಯಲ್ಲಿ ಅಪ್ಪಂದಿರು ನೋಡ್ತಾರಲ್ಲ, ಹಾಗೆ. ಗುದ್ದಿದರೂ ಜಗ್ಗದ ಪ್ಲಾಸ್ಟಿಕ್ಕು ಅದು. ಹೆಬ್ಬೆರಳು ಕೆಂಪಾಯ್ತು. "ಏನೂ ತಿಳೀವಲ್ದು" ಅಂದರು. ಮುದುಕ ಅವರನ್ನ ದೂರದ ಬೆಂಚಿನ ಮೇಲೆ ಕೂರಿಸಿ ಬಂದ. ನೆಟ್ಟಗೆ ನಿಂತಾಗ ಬೆರಳು ಮುಂದೆ ಸೋಕಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರೀಬೇಕು ಅಂದ. ಬಗ್ಗಿಸಿದೆ, ಸರೀತು. ಅಬ್ಬಾ, ಒಂದು ವರ್ಷದ ಭಾರ ಇಳಿದ ಹಾಗಾಯ್ತು.

ಬೂಟು ತಗೊಂಡು ಹೊರಡೋಣ ಅಂತ ಬಾಗಿಲಿಗೆ ಬಂದರೆ ಒಬ್ಬ ದೊರೆ ನನ್ನ ಗಂಡನ ಶೂ ಹಾಕಿಕೊಂಡು ಕನ್ನಡಿಯ ಮುಂದೆ ಹಿಂದಕ್ಕೂ ಮುಂದಕ್ಕೂ ಓಡಾಡ್ತಿದ್ದಾನೆ. ಆ ಸ್ಟ್ಯಾಂಡು ಸೆಕೆಂಡ್‌ಹ್ಯಾಂಡ್ ಶೂ ಮಾರೋಕೆ ಇಟ್ಟಿದ್ದಂತೆ. ಈ ಜೊತೆ ಮಾರೋಕಿಟ್ಟಿದ್ದಲ್ಲ ಅಂತ ಮುದುಕ ಅವನನ್ನ ಒಪ್ಪಿಸೋಕೆ ಒದ್ದಾಡ್ತಿದ್ದ. ನನ್ನ ಗಂಡ ಮಾತ್ರ ಸಾಕ್ಸಿನಲ್ಲಿ ನಿಂತು ಕೈಕಟ್ಟಿ ನೋಡ್ತಾ ಇದ್ದರು.

"ಏನ್ರೀ, ಹೋಗಿ ಇಸ್ಕೊಳ್ಳಿ" ಅಂದೆ.

"ತಡಿ" ಅಂದರು, "ನನಗಿಂತ ಅಂವಗ ಛಲೋ ಕೂತಾವ ನೋಡು."

ಕಾಲುಂಗುರ

ಮನೇಲಿ ದಿನಾ ಅರ್ಧ ಗಂಟೆ ಬೂಟು ಹಾಕಿಕೊಂಡು ಓಡಾಡು, ಎಲ್ಲಾದರೂ ನೋವು ಬಂದರೆ ತಗೊಂಡು ಬಾ ಅಂದಿದ್ದ ಮುದುಕ. ಬಂತು. ಎರಡೂ ಕಾಲಿನ ಎರಡನೇ ಬೆರಳಿನಲ್ಲಿ, ಸೂಜಿ ಚುಚ್ಚಿದ ಹಾಗೆ.  ಟ್ರಿಪ್ಪಿಗೆ ಮೂರೇ ವಾರ ಇತ್ತು.

ತಗೊಂಡು ಹೋದೆ. ಅವನು ಚಿಪ್ಪನ್ನ ಬಿಸಿ ಮಾಡಿ, ನೋಯೋ ಜಾಗವನ್ನ ಒಳಗಿಂದ ಒತ್ತಿ ಸ್ವಲ್ಪ ಉಬ್ಬಿಸಿಕೊಟ್ಟ. ಮನೆಗೆ ಬಂದರೆ ಮತ್ತೆ ನೋವು. ಮತ್ತೆ ಹೋದೆ, ಇನ್ನಷ್ಟು ಉಬ್ಬಿಸಿದ. ಮತ್ತೆ ನೋವು. ಮೂರನೇ ಸಲ ಅವನಿಗೂ ಅವಮಾನ ಆಯ್ತು ಅಂತ ಕಾಣುತ್ತೆ. "ಇಷ್ಟು ವರ್ಷದಲ್ಲಿ ಇಂಥ ಕಾಲು ನೋಡಿಲ್ಲ. ಸಾಕ್ಸ್ ಬಿಚ್ಚು" ಅಂದ.

ಬಿಚ್ಚಿದೆ. ಅವನು ಕನ್ನಡಕ ಏರಿಸಿ, ಇಳಿಸಿ, ಬಗ್ಗಿ ನೋಡಿದ. "ಇದೇನಿದು?"

ಇಪ್ಪತ್ತು ವರ್ಷದಿಂದ ಇರೋ ಕಾಲುಂಗುರ. ಮೈಮೇಲಿನ ಮಚ್ಚೆ ಹಾಗೆ, ಇದೆ ಅನ್ನೋದೇ ನನಗೆ ಮರೆತುಹೋಗಿತ್ತು. ನಾಚಿಕೆಯಾಗಿ, "ಅದು, ನನಗೆ ಮದುವೆ ಆಗಿದೆ" ಅಂದೆ.

ಮುದುಕ ನಿಟ್ಟುಸಿರು ಬಿಟ್ಟ. "ನನಗೂ ಆಗಿದೆ. ಆದರೆ ನೋವು ಕಾಲಲ್ಲಿಲ್ಲ."

ಸರಿ, ತೆಗೆದರೆ ಮುಗೀತು. ಆದರೆ ಮನೇಲಿ ಅತ್ತೆ ಮಾವ ಧಾರವಾಡದಿಂದ ಆರು ತಿಂಗಳಿಗೆ ಅಂತ ಬಂದಿದ್ದಾರೆ. ಬೆಟ್ಟ ಹತ್ತೋಕೆ ಕಾಲುಂಗುರ ತೆಗೀತೀನಿ ಅಂತ ಅತ್ತೆಗೆ ಹೇಗೆ ಹೇಳೋದು? ಎರಡು ದಿನ ಅವರ ಹಿಂದೆಮುಂದೆ ಸುತ್ತಿದೆ, ಬಾಯೇ ಬರಲಿಲ್ಲ. ಮೂರನೇ ದಿನ ಹುರುಳಿಕಾಯಿ ಬಿಡಿಸ್ತಾ ಪಕ್ಕದಲ್ಲಿ ಕೂತು ಹೇಳಿಯೇಬಿಟ್ಟೆ. ಅತ್ತೆ ತಲೆ ಎತ್ತಲಿಲ್ಲ.

"ತಗದು ಡಬ್ಬಿಯೊಳಗ ಇಡು. ಅದಕ್ಯಾಕ ಇಷ್ಟ ಅಂಜತೀ?"

"ಅಲ್ಲ ಅತ್ತೆ, ನೀವು ಬೇಜಾರು ಮಾಡ್ಕೋತೀರೇನೋ ಅಂತ."

ಅತ್ತೆ ಸೋಫಾ ಮೇಲೆ ಟಿವಿ ಮುಂದೆ ಗೊರಕೆ ಹೊಡೀತಿದ್ದ ಮಾವನ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದರು. "ಬೆರಳಿಗೆ ಬಾವು ಬಂದಿತ್ತಂತ ನಾ ತಗದು ಹತ್ತ ವರ್ಷ ಆತು. ನಿಮ್ಮ ಮಾವಗ ಇನ್ನೂ ಗೊತ್ತಾಗಿಲ್ಲ."

ಎಳ್ಳು ಬೀರೋ ದಿನ

ಕೊನೆಯದಾಗಿ ಲೈನರನ್ನ ಬಿಸಿ ಮಾಡಿ ಕಾಲಿನ ಅಚ್ಚಿಗೆ ಕೂರಿಸೋದೊಂದು ಬಾಕಿ ಇತ್ತು. ಮುದುಕನ ಮೆಷೀನು ಕೆಟ್ಟಿತ್ತು. ಈ ಲೈನರನ್ನ ಮನೆಯ ಅವನ್‌ನಲ್ಲೂ ಮಾಡಬಹುದು ಅಂತ ಎಷ್ಟು ಬಿಸಿ, ಎಷ್ಟು ನಿಮಿಷ ಎಲ್ಲ ಚೀಟಿಯಲ್ಲಿ ಬರೆದುಕೊಟ್ಟ. ಬಿಸಿ ಇರುವಾಗಲೇ ಹಾಕಿಕೊಂಡು, ಬಕಲ್ ಬಿಗಿದು, ಹದಿನೈದು ನಿಮಿಷ ನಿಂತಲ್ಲೇ ನಿಲ್ಲಬೇಕು. ಒಂದು ಹೆಜ್ಜೆ ಇಟ್ಟರೂ ಅಚ್ಚು ಕೆಡುತ್ತೆ, ಇನ್ನೊಂದು ಲೈನರ್ ನನ್ನ ಹತ್ತಿರ ಇಲ್ಲ ಅಂದ.

ಅವನ್ ತೆರೆದೆ. ಎಲ್ಲರ ಮನೆಯ ಹಾಗೆ ನಮ್ಮನೇಲೂ ಅದು ಪಾತ್ರೆ ಇಡೋ ಕಪಾಟು. ಮೂರು ಬಾಣಲೆ, ರೊಟ್ಟಿ ಹಂಚು, ಇಡ್ಲಿ ತಟ್ಟೆ, ಮುಚ್ಚಳ ಕಳೆದುಕೊಂಡ ಎರಡು ಪಾತ್ರೆ, ಪಾತ್ರೆ ಕಳೆದುಕೊಂಡ ನಾಲ್ಕು ಮುಚ್ಚಳ. ಎಲ್ಲ ತೆಗೆದು ನೆಲದ ಮೇಲೆ ಹರಡಿ ಲೈನರ್ ಒಳಗಿಟ್ಟೆ. ಅತ್ತೆ ಬಂದು ಗಾಜಿನೊಳಗೆ ಇಣುಕಿದರು.

"ಏನದು?"

"ಬೂಟು ಅತ್ತೆ, ಬಿಸಿ ಆಗಬೇಕು."

"ಎಷ್ಟ ಸೀಟಿ ಹೊಡಸ್ಬೇಕು?"

ಅವತ್ತು ಸಂಕ್ರಾಂತಿ ಅನ್ನೋದನ್ನೂ ಹೇಳಬೇಕು. ಬೆಳಗ್ಗೆ ಪೂಜೆಗೆ ಉಟ್ಟ ರೇಷ್ಮೆ ಸೀರೆಯಲ್ಲೇ ಬೂಟು ಹಾಕಿಕೊಂಡು, ಮುದುಕ ಹೇಳಿದ ಹಾಗೆ ಬೆರಳು ಸ್ವಲ್ಪ ಮೇಲಿರಲಿ ಅಂತ ಚಪಾತಿ ಮಣೆಯ ಅಂಚಿಗೆ ಕಾಲು ಕೊಟ್ಟು, ಅಡುಗೆಮನೆಯಲ್ಲಿ ಪಾತ್ರೆಗಳ ಮಧ್ಯೆ ಕಂಬದ ಹಾಗೆ ನಿಂತೆ. ಐದು ನಿಮಿಷ ಆಗಿತ್ತು, ಬೆಲ್ ಆಯ್ತು. ಪಕ್ಕದ ಟೌನ್‌ಹೌಸಿನ ಹೊಸ ಮದುವೆಯ ಹುಡುಗಿ, ಎಳ್ಳು ಬೀರೋಕೆ ಬಂದಿದ್ದಳು. ಅತ್ತೆ ಅವಳನ್ನ ಸೀದಾ ಅಡುಗೆಮನೆಗೇ ಕರಕೊಂಡು ಬಂದರು.

ಪಾಪ, ಸಂಸ್ಕಾರವಂತ ಹುಡುಗಿ. ಎಳ್ಳು ಕೊಟ್ಟು, ನಾನು ಬೇಡ ಬೇಡ ಅನ್ನೋದರೊಳಗೆ ನಮಸ್ಕಾರಕ್ಕೆ ಬಗ್ಗಿದಳು. ಸೀರೆಯ ನೆರಿಗೆ ಕೆಳಗೆ ಅವಳ ಕೈಗೆ ಸಿಕ್ಕಿದ್ದು ಪ್ಲಾಸ್ಟಿಕ್ಕು, ಕಬ್ಬಿಣದ ಬಕಲ್ಲು. ಹಾಗೇ ತಲೆ ಎತ್ತಿ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು.

"ಎರಡೂ ಕಾಲಾ ಆಂಟಿ? ನಮಗೆ ಹೇಳಲೇ ಇಲ್ಲ."

ಬಿಡಿಸಿ ಹೇಳಿದೆ. ಅತ್ತೆಯೂ, "ಬೂಟು ಬೇಸಿ ಹಾಕ್ಯಾಳವಾ" ಅಂತ ಸಹಾಯಕ್ಕೆ ಬಂದರು. ಅದರಿಂದ ವಿಷಯ ಇನ್ನೂ ಕೆಟ್ಟಿತು. ಸಂಜೆಯೊಳಗೆ ಮೂರು ಮನೆಯಿಂದ ಸಾರು, ಪಲ್ಯ, ಒಂದು ಮನೆಯಿಂದ ಗಾಲಿ ಕುರ್ಚಿ ಬಂತು. ಕುರ್ಚಿ ವಾಪಸ್ ಕಳಿಸಿದೆ. ಸಾರು ಚೆನ್ನಾಗಿತ್ತು, ಸುಮ್ಮನಿದ್ದುಬಿಟ್ಟೆ.

ಐದು ಸಲ ಕೇಳಿದಳು

ಮುಂದಿನ ಭಾನುವಾರ ಬೆಟ್ಟದ ಬುಡದಲ್ಲಿ ನಿಂತು ಬಕಲ್ಲುಗಳನ್ನ ಎರಡೆರಡು ಸಲ ಬಿಗಿದು ನೋಡಿಕೊಂಡೆ. ಇವತ್ತು ಕೂತರೆ ಇನ್ನು ಯಾವತ್ತೂ ಕಾರಿನಲ್ಲೇ. ಒಂದೇ ಜೊತೆ ತೆಳ್ಳನೆ ಸಾಕ್ಸು. ಲೀಡರ್ ಮುಂದೆ, ನಾನು ಅವಳ ಬೆನ್ನ ಹಿಂದೆ, ಮಿಕ್ಕ ಮೂವರು ನಮ್ಮ ಹಿಂದೆ.

ಹೊರಟು ಇಪ್ಪತ್ತು ನಿಮಿಷಕ್ಕೆ ಅವಳು ತಿರುಗಿ ಕೇಳಿದಳು. "ಕಾಲು ಹೇಗಿದೆ?"

"ಚೆನ್ನಾಗಿದೆ" ಅಂದೆ. ನಿಜವಾಗಲೂ ಚೆನ್ನಾಗಿತ್ತು. ಹಿಮ್ಮಡಿ ಕೂತ ಕಡೆಯಿಂದ ಅಲ್ಲಾಡಿರಲಿಲ್ಲ.

ಇನ್ನೊಂದು ತಿರುವಿನಲ್ಲಿ ಮತ್ತೆ ಕೇಳಿದಳು. ಹೋದ ವರ್ಷ ನಾನು ಕೂತ ಜಾಗ ಬಂತು, ಅಲ್ಲಿ ಬೇಕಂತಲೇ ನಿಂತು, "ಸತ್ಯ ಹೇಳು, ಧೈರ್ಯ ತೋರಿಸೋಕೆ ಹೋಗಬೇಡ" ಅಂದಳು. ಇವಳಿಗೆ ನನ್ನ ಮೇಲೆ ನಂಬಿಕೆಯೇ ಇಲ್ವಲ್ಲ ಅಂತ ನನಗೆ ಒಳಗೊಳಗೇ ಕೋಪ. ಅವಳ ಮುಖ ಬೆಳ್ಳಗಾಗಿತ್ತು, ತುಟಿ ಕಚ್ಚಿಕೊಂಡಿದ್ದಳು. ನನ್ನ ಮೇಲಿನ ಸಿಟ್ಟು ಅಂದುಕೊಂಡೆ. ಹಾಗಾದರೆ ತೋರಿಸ್ತೀನಿ ಅಂತ ಕಾಲು ಇನ್ನೂ ಬಿರುಸಾಗಿ ಹಾಕಿದೆ. "ಕಾಲಿದೆ ಅನ್ನೋದೇ ಗೊತ್ತಾಗ್ತಿಲ್ಲ" ಅಂತಲೂ ಅಂದೆ. ನಾಲ್ಕನೇ ಸಲ ಕೇಳಿದಾಗ, "ಸ್ವಲ್ಪ ಜೋರಾಗಿ ಹೋಗೋಣವಾ?" ಅಂತ ನಾನೇ ಕೇಳಿದೆ. ಐದನೇ ಸಲ ಕೇಳಿದಾಗ ಉತ್ತರ ಕೊಡೋದು ಬಿಟ್ಟು ಅವಳನ್ನ ದಾಟಿಕೊಂಡು ಮುಂದೆ ಹೋದೆ.

ತುದಿಗೆ ಮೊದಲು ಮುಟ್ಟಿದವಳು ನಾನು. ಕೆಳಗೆ ಬಿಳೀ ಕಣಿವೆ, ಮೇಲೆ ಬಿಸಿಲು. ಸದ್ಯ, ಮುಗೀತಪ್ಪಾ ಅಂತ ಕಣ್ಣು ತುಂಬಿ ಬಂತು. ಹಿಂದಿನಿಂದ ಮೂವರು ಬಂದು ತಬ್ಬಿಕೊಂಡರು. ಎಲ್ಲರಿಗಿಂತ ಕೊನೆಗೆ ಲೀಡರ್ ಬಂದಳು. ಬಂದವಳೇ ಸ್ನೋ ಮೇಲೆ ಧೊಪ್ಪಂತ ಕೂತು, ಬೂಟಿನ ಬಕಲ್ಲುಗಳನ್ನ ಪಟಪಟ ಬಿಚ್ಚಿ, ಕಾಲು ಹೊರಗೆಳೆದಳು. ಹೊಸ ಬೂಟು, ಆನ್‌ಲೈನಿನಲ್ಲಿ ತರಿಸಿದ್ದು, ಒಂದು ಸೈಜ್ ಚಿಕ್ಕದು. ಹೆಬ್ಬೆರಳು ಬೀಟ್‌ರೂಟ್ ಬಣ್ಣಕ್ಕೆ ತಿರುಗಿತ್ತು.

"ಯಾವಾಗಿಂದ ನೋಯ್ತಿತ್ತು?" ಅಂತ ಗಾಬರಿಯಾಗಿ ಕೇಳಿದೆ.

"ಪಾರ್ಕಿಂಗ್ ಲಾಟಿನಿಂದ."

"ಮತ್ತೆ ಹೇಳಬಾರದಿತ್ತಾ? ವಾಪಸ್ ಹೋಗ್ತಿದ್ವಲ್ಲ."

ಅವಳು ನನ್ನನ್ನ ಕೆಕ್ಕರಿಸಿ ನೋಡಿದಳು. "ನಿನಗೆ ಅಷ್ಟೆಲ್ಲ ಹೇಳಿದ ಮೇಲೆ ನಾನು ಹೇಗೆ ಹೇಳಲಿ? ನಿನ್ನನ್ನೇ ನಂಬಿಕೊಂಡು ಬಂದಿದ್ದೆ. ಐದು ಸಲ ಕೇಳಿದೆನಲ್ಲೇ, ಒಂದು ಸಲವಾದರೂ ನೋವು ಅನ್ನೋಕೆ ಏನಾಗಿತ್ತು ನಿನಗೆ?"