ಎಡ ಭುಜ ಮತ್ತು ಆರು ಮಂಗಳವಾರ

ಬಾಯಿ ಹೇಳಿದ ಸುಳ್ಳನ್ನು ಮೈ ಬಹಳ ದಿನ ಬಚ್ಚಿಟ್ಟುಕೊಳ್ಳುವುದಿಲ್ಲ. ಯಾವುದಾದರೂ ಸಂದಿಯಿಂದ ಹೊರಗೆ ಬಿಟ್ಟುಬಿಡುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಓದಿದ ನನಗೆ ಯಾವ ಮೇಷ್ಟರೂ ಇದನ್ನು ಹೇಳಿಕೊಡಲಿಲ್ಲ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನ್ನ ಎಡ ಭುಜ ಹೇಳಿಕೊಟ್ಟಿತು.

ನಾನು ರೈಲ್ವೆಯಲ್ಲಿ ವಿಚಾರಣೆ ಕೌಂಟರಿನ ಗುಮಾಸ್ತನಾಗಿದ್ದೆ. ಫೋನಿನ ರಿಸೀವರನ್ನು ಎಡಗಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ರಿಜಿಸ್ಟರ್ ತಿರುವುತ್ತ, ಕಿಟಕಿಯಾಚೆ ನಿಂತವರಿಗೆ ‘ಇನ್ನೂ ಬಂದಿಲ್ಲ’ ಎಂದು ಮೂರು ಭಾಷೆಯಲ್ಲಿ ಹೇಳುವುದೇ ಉದ್ಯೋಗ. ನಿವೃತ್ತಿಯ ದಿನ ರಿಸೀವರನ್ನು ಅಲ್ಲೇ ಇಟ್ಟು ಬಂದೆ. ಭುಜ ಮಾತ್ರ ಇನ್ನೂ ಅದನ್ನು ಹಿಡಿದುಕೊಂಡೇ ಇದೆ. ನಮ್ಮ ಮನೆ ಪಲ್ಲಾವರಂ ಸ್ಟೇಷನ್ನಿನ ಹತ್ತಿರ. ಎಲೆಕ್ಟ್ರಿಕ್ ಟ್ರೇನು ಎರಡು ನಿಮಿಷ ತಡವಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬಾಲ್ಕನಿಗೆ ಹೋಗುತ್ತೇನೆ, ಗಡಿಯಾರ ನೋಡುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ. ನನ್ನನ್ನು ಯಾರೂ ಕೇಳುತ್ತಿಲ್ಲ, ಆದರೂ ಉತ್ತರ ಸಿದ್ಧವಿರಬೇಕು. ಇದರ ಫಲ ಕತ್ತಿನ ಬಿಗಿತ, ತಲೆನೋವು, ನಿದ್ದೆಯಲ್ಲಿ ಹಲ್ಲು ಕಡಿಯುವುದು. ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, “ಕಾಯಿಲೆ ಏನಿಲ್ಲ, ಟೆನ್ಷನ್ ಅಷ್ಟೆ. ಮಸಾಜ್ ಮಾಡಿಸಿಕೊಂಡು ನೋಡಿ” ಎಂದರು.

ತೊಂದರೆ ಶುರುವಾದದ್ದು ಇಲ್ಲಿ. ಅದಕ್ಕೆ ಆರು ತಿಂಗಳ ಹಿಂದೆ ನನ್ನ ಹೆಂಡತಿ ಗಿರಿಜಾ, ಬಲ ಭುಜ ಹಿಡಿದುಕೊಂಡಿದೆ, ವಡಪಳನಿಯಲ್ಲಿ ಹೆಂಗಸರಿಗೆ ಹೆಂಗಸರೇ ಮಸಾಜ್ ಮಾಡುತ್ತಾರಂತೆ, ಹೋಗಿಬರೋಣವೇ ಎಂದು ಕೇಳಿದ್ದಳು. ನಾನು ಪೇಪರಿನಿಂದ ತಲೆ ಎತ್ತದೆ, “ಮೈ ಒತ್ತಿಸ್ಕೊಳ್ಳೋಕೆ ಯಾರಾದ್ರೂ ಬಸ್ ಹತ್ತಿ ಹೋಗ್ತಾರೇನೇ? ಬಿಸಿನೀರು ಹಾಕ್ಕೋ, ಸರಿಹೋಗುತ್ತೆ” ಎಂದಿದ್ದೆ. ಅವಳು ಮತ್ತೆ ಕೇಳಲಿಲ್ಲ. ಹಾಗೆಂದವನು ಈಗ ಯಾವ ಮುಖ ಹೊತ್ತು ಬಸ್ ಹತ್ತುವುದು? “ಮಂಗಳವಾರ ಮಂಗಳವಾರ ವಡಪಳನಿ ಮುರುಗನ ದರ್ಶನಕ್ಕೆ ಹೋಗೋಣ ಅಂತಿದ್ದೀನಿ” ಎಂದೆ. “ಹೋಗಿಬನ್ನಿ, ಒಳ್ಳೇದು” ಎಂದಳು. ತಾನೂ ಬರುತ್ತೇನೆ ಎನ್ನಲಿಲ್ಲ. ಬಸ್ಸಿನ ಕಂಬಿ ಹಿಡಿಯಲು ಅವಳ ಕೈ ಮೇಲೇಳುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ಆಮೇಲೆ.

ಗುಡಿಯ ಹಿಂದಿನ ಬೀದಿಯಲ್ಲಿ ಮಾಸ್ಟರ್ ಎಂದೇ ಹೆಸರಾದವರು ಒಬ್ಬರಿದ್ದಾರೆ. ಸಿನಿಮಾ ಸ್ಟುಡಿಯೋಗಳಲ್ಲಿ ಹೊಡೆದಾಟದ ದೃಶ್ಯದಲ್ಲಿ ಬಿದ್ದವರ ಬೆನ್ನು ಒತ್ತಿ ಒತ್ತಿ ಕೈ ಪಳಗಿಸಿಕೊಂಡವರು. ಪಕ್ಕದ ಕೋಣೆಯಲ್ಲಿ ಅವರ ಅಕ್ಕ ಹೆಂಗಸರಿಗೆ ಮಸಾಜ್ ಮಾಡುತ್ತಾರೆ. ಮಾಸ್ಟರ್ ಬೆಚ್ಚಗಿನ ಎಳ್ಳೆಣ್ಣೆಯನ್ನು ಹಣೆಗೂ ಕತ್ತಿಗೂ ಹಚ್ಚಿ ಹೆಬ್ಬೆರಳನ್ನು ನಿಧಾನವಾಗಿ ಇಳಿಸುತ್ತ ಬಂದರೆ, ಹತ್ತೇ ನಿಮಿಷಕ್ಕೆ ಉಸಿರು ತಾನಾಗಿ ಉದ್ದವಾಗುತ್ತದೆ, ದವಡೆ ಸಡಿಲವಾಗುತ್ತದೆ, ಟ್ರೇನುಗಳು ತಮಗೆ ಬೇಕಾದಾಗ ಬರಲಿ ಎನಿಸುತ್ತದೆ. ಹಲ್ಲು ಕಡಿಯುವುದು ನಿಂತಿತು, ತಲೆನೋವೂ ಇಳಿಯಿತು. ಎಡ ಭುಜದ ಒಂದು ಗಂಟು ಮಾತ್ರ ಮಂಗಳವಾರ ಹೋಗಿ ಬುಧವಾರ ವಾಪಸ್ಸು ಬರುತ್ತಿತ್ತು. “ತೋಳೆ ಇರಕ್ಕುಂಗ ಸಾರ್” ಎಂದು ಮಾಸ್ಟರ್ ಗದರುತ್ತಿದ್ದರು. ತಮಿಳಿನಲ್ಲಿ ಭುಜ ಇಳಿಸಿ ಎಂದು ಅದರ ಅರ್ಥ. ಐದನೆಯ ವಾರ ಅವರು ಕೈ ನಿಲ್ಲಿಸಿ, “ಇಲ್ಲಿ ನಾನು ಬಿಡಿಸ್ತೀನಿ, ಮನೆಗೆ ಹೋಗಿ ನೀವು ಕಟ್ಕೊಂಡು ಬರ್ತೀರಿ. ಏನು ಸಾರ್ ವಿಷಯ?” ಎಂದು ಕೇಳಿದರು. ನಾನು ಹಳೆಯ ಅಭ್ಯಾಸದಂತೆ “ಮಾಹಿತಿ ಇಲ್ಲ” ಎಂದೆ.

ಮುರುಗನ ಹೆಸರಿನಲ್ಲಿ ಸುಳ್ಳು ಹೇಳಿ ಅವನನ್ನು ನೋಡದೆ ಬರುವ ಧೈರ್ಯವೂ ನನಗಿರಲಿಲ್ಲ. ಮಸಾಜ್ ಮುಗಿದೊಡನೆ ಗುಡಿಗೆ ಓಡಿ, ಮನೆಯಲ್ಲಿ ತೋರಿಸುವ ಸಾಕ್ಷಿಗೆಂದು ಹಣೆತುಂಬ ವಿಭೂತಿ ಬಳಿದುಕೊಳ್ಳುತ್ತಿದ್ದೆ. ಎಣ್ಣೆ ಹಣೆಯ ಮೇಲೆ ವಿಭೂತಿ ಏನಾಗುತ್ತದೆಂದು ಹುಟ್ಟಾ ಶೈವನಾದ ನನಗಾದರೂ ಗೊತ್ತಿರಬೇಕಿತ್ತು. ಬಸ್ಸು ಪಲ್ಲಾವರಂ ಸೇರುವಷ್ಟರಲ್ಲಿ ಅದು ಕಲಸಿದ ಸಿಮೆಂಟಿನಂತಾಗಿ ಹುಬ್ಬಿನ ಮೇಲೆ ಕೂತಿರುತ್ತಿತ್ತು.

ಆರನೆಯ ಮಂಗಳವಾರ ಸಂಜೆ ಬಂದಾಗ ಗಿರಿಜಾ ಕನ್ನಡಿಯ ಮುಂದೆ ನಿಂತಿದ್ದಳು. ಬಲಗೈ ಎದೆಯ ಮಟ್ಟಕ್ಕೇ ನಿಂತುಬಿಟ್ಟಿತ್ತು. ಎಡಗೈಯೊಂದರಲ್ಲೇ ಕೂದಲು ಸುತ್ತಿ ಕ್ಲಿಪ್ ಹಾಕಲು ಒದ್ದಾಡುತ್ತಿದ್ದಳು. ಕನ್ನಡಿಯಲ್ಲೇ ನನ್ನ ಹಣೆ ನೋಡಿ, “ರೀ, ಮುರುಗನಿಗೆ ಎಣ್ಣೆ ಅಭಿಷೇಕ ಮಾಡ್ತಾರೆ ಅಂತ ಗೊತ್ತು. ಭಕ್ತರಿಗೂ ಮಾಡ್ತಾರಾ?” ಎಂದಳು.

“ಯಾವಾಗಿಂದ ಗೊತ್ತು?”

“ಮೊದಲನೇ ವಾರದಿಂದ. ನಿಮ್ಮ ದಿಂಬಿನ ಕವರ್ ಒಗೆಯೋಳು ನಾನಲ್ವಾ. ಅದೂ ಒಂದೇ ಕೈಲಿ.”

ಜಗಳವಾಡಿದ್ದರೆ ನಾನೂ ಏನಾದರೂ ವಾದ ಹೂಡುತ್ತಿದ್ದೆ. ಅವಳು ಕ್ಲಿಪ್ಪನ್ನು ನನ್ನ ಕೈಗಿಟ್ಟು ಬೆನ್ನು ತಿರುಗಿಸಿದಳು, ಅಷ್ಟೆ. ನಲವತ್ತೈದು ವರ್ಷದ ಸಂಸಾರದಲ್ಲಿ ಮೊದಲ ಸಲ ಹೆಂಡತಿಯ ಕೂದಲಿಗೆ ಕ್ಲಿಪ್ ಹಾಕಿದೆ. ಎರಡು ಸಲ ಕೆಳಗೆ ಬಿತ್ತು.

“ತಪ್ಪಾಯ್ತು ಕಣೇ” ಎಂದೆ.

“ಕ್ಲಿಪ್ ಬಿದ್ದಿದ್ದಕ್ಕಾ, ಮುರುಗನಿಗಾ, ನನಗಾ?”

“ಮೂರಕ್ಕೂ.”

“ನನ್ನದು ಮೊದಲು ನೋಡಿ. ಮುರುಗ ಕಾಯ್ತಾನೆ.”

ಮುಂದಿನ ಮಂಗಳವಾರ ಆಟೋ ಮಾಡಿಕೊಂಡು ಇಬ್ಬರೂ ಹೋದೆವು. ಅವಳು ಮಾಸ್ಟರ್ ಅವರ ಅಕ್ಕನ ಕೋಣೆಗೆ ಹೋದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ, ಎದ್ದೆ, ಗಡಿಯಾರ ನೋಡಿದೆ, ಬಾಗಿಲವರೆಗೆ ಹೋಗಿ ಬಂದೆ, ಮತ್ತೆ ಕೂತೆ. ಮುಕ್ಕಾಲು ಗಂಟೆ ಕಳೆದು ಅವಳು ಹೊರಬಂದಾಗ ಬಲಗೈ ಭುಜದ ಮಟ್ಟದವರೆಗೆ ಏಳುತ್ತಿತ್ತು. ಪೂರ್ತಿ ಏಳಲು ಇನ್ನೂ ಕೆಲವು ವಾರ ಬೇಕಂತೆ. ವಾಪಸ್ಸು ಬರುವಾಗ ಆಟೋದಲ್ಲಿ ಹೇಳಿದಳು: “ಆಯಮ್ಮ ಕೇಳಿದ್ರು, ಮೈ ಇಷ್ಟು ಬಿಗಿದುಕೊಂಡಿದೆಯಲ್ಲ, ನಿಮಗೆ ಅಂಥ ಟೆನ್ಷನ್ ಏನಮ್ಮಾ ಅಂತ.”

“ನೀನೇನಂದೆ?”

“ಹೊರಗಡೆ ಬೆಂಚಿನ ಮೇಲೆ ಕೂತಿದೆ ಅಂದೆ.”

ಯಾರೂ ಹೇಳದಿದ್ದರೂ ನಾನು ಎಡ ಭುಜವನ್ನು ಮೆಲ್ಲಗೆ ಇಳಿಸಿಕೊಂಡೆ.